ಮುಗಿಯದ ಹಾಲಿನ ತಿಂಗಳು

“ದೊಡ್ಡಮ್ಮನವರ ಪಾದಕ್ಕೆ ನೆಲದ ಹಂಗು ತಪ್ಪಿದೆ. ಅಷ್ಟು ವರ್ಷ ಹಾಲು ಬಿಟ್ಟು ಕೂತವರಿಗೆ ದೇಹ ಹಗುರವಾಗದೆ ಇನ್ನೇನಾಗುತ್ತೆ? ಅದು ವ್ರತದ ಫಲ.”

ನನ್ನ ಅಕ್ಕನ ವಿಷಯದಲ್ಲಿ ನಮ್ಮ ಬಳಗದಲ್ಲೂ ಅವಳು ಹೋಗುವ ಭಜನಾ ಮಂಡಳಿಯಲ್ಲೂ ಇಂದಿಗೂ ಚಲಾವಣೆಯಲ್ಲಿರುವ ವೃತ್ತಾಂತ ಇದು. ಹೇಳುವವರು ಕಣ್ಣು ಅರೆಮುಚ್ಚಿ ಹೇಳುತ್ತಾರೆ, ಕೇಳುವವರು ತಲೆದೂಗುತ್ತಾರೆ. ನಾನು ಇದನ್ನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಆಧಾರಗಳನ್ನು ಕ್ರಮವಾಗಿ ಬರೆದಿಡಬೇಕೆಂದೇ ಕುಳಿತಿದ್ದೇನೆ. ಆದರೆ ಇದೆಲ್ಲ ನಡೆದ ಮಳೆಗಾಲವನ್ನು ನೆನೆದಾಗಲೆಲ್ಲ ನೆನಪುಗಳು ಮಧ್ಯಾಹ್ನದ ಮಂಪರಿನಲ್ಲಿ ಕಂಡ ದೃಶ್ಯಗಳಂತೆ ಒಂದರೊಳಗೊಂದು ಕರಗುತ್ತವೆ. ಜಯನಗರದ ನಮ್ಮ ರಸ್ತೆಯ ಮಳೆಮರಗಳು ಎರಡು ಕಡೆಯಿಂದ ಬಾಗಿ ಬೆಳಕನ್ನು ಹಸಿರು ಮಾಡಿಬಿಡುತ್ತವೆ. ಆ ಹಸಿರು ಬೆಳಕಿನಲ್ಲಿ ಬಿಳಿ ಸೀರೆಯ ಅಕ್ಕ ಗೇಟಿನಿಂದ ಜಗಲಿಯವರೆಗೆ ಬರುವುದನ್ನು ಮಹಡಿಯಿಂದ ನೋಡಿದರೆ ನಡೆದು ಬರುವಂತಿರಲಿಲ್ಲ, ತೇಲಿ ಬರುವಂತಿತ್ತು. ಮಂಡಳಿಯವರು ಸುಳ್ಳು ಹೇಳುತ್ತಿರಲಿಲ್ಲ. ಕಂಡದ್ದು ನಿಜ. ಕಂಡದ್ದಕ್ಕೆ ಕೊಟ್ಟ ಅರ್ಥದಲ್ಲಿ ನನಗೆ ತಕರಾರು.

ಓದುವವರಿಗೆ ನನ್ನ ಅರ್ಹತೆಯೇನೆಂದು ಹೇಳುವುದು ನ್ಯಾಯ. ನಾನು ಕಾಲೇಜು ಕಂಡವನಲ್ಲ. ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿ ಅಲ್ಲಿಯೇ ತಲೆ ಬೆಳ್ಳಗಾಯಿತು. ವೈದ್ಯದ ಪುಸ್ತಕ, ಅಡುಗೆಯ ಪುಸ್ತಕ, ಪಂಚಾಂಗ, ಪಠ್ಯ, ಲಗ್ನಪತ್ರಿಕೆ ಎಲ್ಲವೂ ನನ್ನ ಕಣ್ಣಿನ ಕೆಳಗೆ ಹಾದುಹೋದವು. ಆ ಕಸುಬು ಕಲಿಸಿದ್ದು ಇಷ್ಟೇ: ಎಲ್ಲರೂ ಸರಾಗವಾಗಿ ಓದಿಕೊಂಡು ಹೋಗುವ ಸಾಲಿನಲ್ಲಿಯೇ ತಪ್ಪು ಅಡಗಿರುತ್ತದೆ. ನಿವೃತ್ತಿಯ ನಂತರವೂ ಆ ಚಟ ಬಿಡಲಿಲ್ಲ. ಅಕ್ಕ ಇದಕ್ಕೆ ಮೊಂಡುತನ ಎನ್ನುತ್ತಾಳೆ. ಅವಳ ಮೊಂಡುತನಕ್ಕೆ ಲೋಕ ಭಕ್ತಿಯೆಂದು ಹೆಸರಿಟ್ಟಿರುವುದರಿಂದ ನಮ್ಮಿಬ್ಬರಲ್ಲಿ ಅವಳದೇ ಮೇಲುಗೈ.

ಮನೆ ಅವಳದು. ಭಾವ ಕಟ್ಟಿಸಿದ್ದು. ಕೆಳಗೆ ಅವಳು, ಮಹಡಿಯ ಮೇಲೆ ನಾನು. ನನ್ನ ಅಡುಗೆಗೆ ಈರುಳ್ಳಿ ಬೆಳ್ಳುಳ್ಳಿ ಬೀಳುತ್ತದೆಂಬ ಕಾರಣಕ್ಕೆ ಒಲೆಗಳು ಬೇರೆ. ಭಾವ ತೀರಿಕೊಂಡು ಹಲವು ವರ್ಷಗಳಾಗಿದ್ದವು. ಆಗಿನಿಂದ ಅಕ್ಕ ಹಾಲು ಮುಟ್ಟುತ್ತಿರಲಿಲ್ಲ. ಹಾಲಿನ ಪ್ಯಾಕೆಟ್ಟು ಮನೆಗೆ ಬರುವುದು ನಿಂತಿತು; ಹಾಲು ನಿಂತ ಮೇಲೆ ಹೆಪ್ಪು ಹಾಕುವುದೂ ನಿಂತು ಮೊಸರು ತಾನಾಗಿ ಇಲ್ಲವಾಯಿತು. ಬೆಳಿಗ್ಗೆ ಫಿಲ್ಟರಿನ ಡಿಕಾಕ್ಷನ್ನಿಗೆ ಬಿಸಿನೀರು, ಒಂದು ಚೂರು ಬೆಲ್ಲ. ಊಟಕ್ಕೆ ಅನ್ನ, ತೊವ್ವೆ, ಸಾರು, ಧಾರಾಳವಾಗಿ ಸೊಪ್ಪು, ಮೇಲೆ ಜೆ.ಪಿ. ನಗರದ ಮಗಳು ಕಾಯಿಸಿ ತಂದುಕೊಡುವ ತುಪ್ಪ. ಕೊನೆಯ ಅನ್ನಕ್ಕೆ ಮೊಸರಿನ ಬದಲು ಇನ್ನೊಂದಿಷ್ಟು ಸಾರು. ನೋಡಿದವರು ವೈರಾಗ್ಯ ಎಂದರು. ಅಕ್ಕ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ.

ಭಾದ್ರಪದದ ಒಂದು ಸಂಜೆ, ಮಳೆ ನಿಂತು ರಸ್ತೆಯೆಲ್ಲ ಕನ್ನಡಿಯಾಗಿದ್ದ ಹೊತ್ತಿನಲ್ಲಿ, ದೇವಸ್ಥಾನಕ್ಕೆ ಹೋಗಿದ್ದ ಅಕ್ಕ ಮಂಡಳಿಯ ಹೆಂಗಸೊಬ್ಬರ ಜತೆ ಹಿಂದಿರುಗಿದಳು. ಜಗಲಿಯ ಬಳಿ ಚಪ್ಪಲಿ ಬಿಡಲು ಬಗ್ಗಿದಳು. ಎಡಗಾಲಲ್ಲಿ ಚಪ್ಪಲಿ ಇತ್ತು. ಬಲಗಾಲು ಬರಿದಾಗಿತ್ತು, ಕೆಸರಾಗಿತ್ತು, ಹೆಬ್ಬೆರಳಿನ ಬಳಿ ತರಚಿ ರಕ್ತ ಒಸರುತ್ತಿತ್ತು.

“ಅಯ್ಯೋ, ಇನ್ನೊಂದು ಎಲ್ಲಿ?” ಎಂದಳು ಅಕ್ಕ, ಬೇರೆ ಯಾರದೋ ಕಾಲನ್ನು ನೋಡುವವಳಂತೆ.

“ಬಿದ್ದದ್ದು ಗೊತ್ತಾಗಲಿಲ್ವಾ ದೊಡ್ಡಮ್ಮ?” ಎಂದು ಆ ಹೆಂಗಸು ಕೇಳಿದರು. ಮರುಕ್ಷಣವೇ ಅವರ ಮುಖ ಬದಲಾಯಿತು. ಬಗ್ಗಿ ಆ ಕೆಸರುಗಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. “ದೇಹಭಾವವೇ ಹೋಗ್ತಿದೆ. ಎಂಥ ಪುಣ್ಯ!”

ಮೇಲೆ ಬರೆದ ವೃತ್ತಾಂತ ಹುಟ್ಟಿದ್ದು ಆ ಕ್ಷಣ, ಆ ಜಗಲಿಯಲ್ಲಿ. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಕತ್ತಲಾಗುವ ಮುನ್ನ ಹೋಗಿ ಹುಡುಕಿದೆ; ಚಪ್ಪಲಿ ಎರಡು ತಿರುವುಗಳಾಚೆ, ಹೊಂಗೆಮರದ ಬುಡದಲ್ಲಿ ಸಿಕ್ಕಿತು. ಅಷ್ಟು ದೂರ ಒಬ್ಬ ಮುದುಕಿ ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದು, ಕಾಲಿಗೆ ಸುದ್ದಿಯೇ ಮುಟ್ಟಿರಲಿಲ್ಲ.

“ಅಕ್ಕ, ಕಾಲು ಹೇಗಿರುತ್ತೆ ನಿಂಗೆ?” ಎಂದು ಕೇಳಿದೆ.

“ಹತ್ತಿ ಮೇಲೆ ನಡೆದಹಾಗಿರುತ್ತೆ ಕಣೋ. ಮೊದಮೊದಲು ಜೋಮು ಇತ್ತು. ಈಗ ಚೆನ್ನಾಗೇ ಇದೆ. ಮೆತ್ತಗೆ.” ಮತ್ತೆ ಸೇರಿಸಿದಳು: “ನಾಲಿಗೆ ಮಾತ್ರ ಉರಿ. ಸಾರು ಖಾರ ಆಗ್ತಿದೆ ಅಂತ ಮೆಣಸು ಕಮ್ಮಿ ಮಾಡಿದೀನಿ.”

ಇನ್ನೊಂದನ್ನು ಅವಳು ಹೇಳಲಿಲ್ಲ, ನಾನೇ ಕೇಳಿಸಿಕೊಂಡಿದ್ದೆ. ಪ್ರತಿ ಬೆಳಿಗ್ಗೆ ಅವಳು ಹೇಳುವ ಸ್ತೋತ್ರ ನನ್ನ ಕೋಣೆಯ ಕಿಟಕಿಯ ಮೂಲಕ ಮೇಲೆ ಬರುತ್ತದೆ. ನನ್ನ ಅರೆನಿದ್ದೆಗೆ ಅದೇ ಗಡಿಯಾರ. ಆ ವರ್ಷ ಅದರಲ್ಲಿ ತೂತುಗಳು ಬೀಳತೊಡಗಿದ್ದವು. ಒಂದು ಸಾಲಿನ ನಡುವೆ ನಿಂತು, ಹಿಂದಕ್ಕೆ ಹೋಗಿ, ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಿದ್ದಳು. ಆಮೇಲೆ ದೀರ್ಘ ಮೌನ. ಆ ಮೌನದಲ್ಲಿ ನಾನು ಮೇಲೆ ಮಲಗಿ ಮುಂದಿನ ಪದಕ್ಕಾಗಿ ಕಾಯುತ್ತಿದ್ದೆ.

ಮರುದಿನ ಹತ್ತಿರದ ಕ್ಲಿನಿಕ್ಕಿನಲ್ಲಿ ರಕ್ತ ನೋಡಿಸಿದೆವು. ಹಿಮೋಗ್ಲೋಬಿನ್ ಕೊರತೆಯೇನೂ ಇರಲಿಲ್ಲ. “ಈ ವಯಸ್ಸಿಗೆ ಇಷ್ಟಿದ್ದರೆ ಬಹಳ ಒಳ್ಳೆಯದು” ಎಂದು ಹೇಳಿ ಕಳುಹಿಸಿದರು. ಮಂಡಳಿಗೆ ಇದೇ ಸಾಕಾಯಿತು. ರಕ್ತವೂ ಶುದ್ಧ, ಕಾಲೂ ಹಗುರ.

ಬೆಳಗಿನ ವಾಕಿಂಗಿನಲ್ಲಿ ನನಗೊಬ್ಬ ಸಂಗಾತಿಯಿದ್ದಾರೆ, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಯಾವ ಪ್ರಶ್ನೆಗೂ ಉತ್ತರವಿಲ್ಲದೆ ಮನೆಗೆ ಹೋದವರಲ್ಲ. ಪಾರ್ಕಿನ ಕಲ್ಲುಬೆಂಚಿನ ಮೇಲೆ ಅವರ ಮುಂದೆ ವಿಷಯವಿಟ್ಟೆ.

“ರೀ, ನಮ್ಮ ಊಟದಲ್ಲಿ ಇಲ್ಲದ್ದು ಯಾವುದಿದೆ ಹೇಳಿ?” ಎಂದರು. “ಇಡ್ಲಿ ಹಿಟ್ಟು ಹುದುಗುತ್ತಲ್ಲ, ಎಲ್ಲಾ ವಿಟಮಿನ್ನೂ ಅದರಲ್ಲೇ ಹುಟ್ಟುತ್ತೆ. ನಮ್ಮಜ್ಜಿ ಯಾವ ಮಾತ್ರೆ ನುಂಗಿದ್ರು?”

“ನಿಮ್ಮಜ್ಜಿ ಮೊಸರನ್ನ ಉಣ್ತಿದ್ರಾ?”

“ಮೊಸರಿಲ್ಲದೆ ಏಳ್ತಿರಲಿಲ್ಲ ಸ್ವಾಮಿ!”

“ನಮ್ಮಕ್ಕ ಮೊಸರಿಲ್ಲದೆ ಏಳ್ತಾಳೆ.”

“ತುಪ್ಪ ತಿಂತಾರೆ ಅಂದ್ರಲ್ಲ. ತುಪ್ಪ ಎಲ್ಲಿಂದ ಬಂತು? ಹಾಲಿಂದ ತಾನೆ?” ಎಂದು ಗೆದ್ದವರಂತೆ ಶಾಲು ಹೊದ್ದು ಎದ್ದರು. “ಬಹಳ ಓದಬೇಡ್ರೀ, ಕಣ್ಣು ಹೋಗುತ್ತೆ.”

ಆ ತುಪ್ಪದ ಮಾತು ನನ್ನನ್ನು ಬಿಡಲಿಲ್ಲ. ತುಪ್ಪ ಹಾಲಿನದೇ. ಆದರೆ ಕಡೆಯುವಾಗ ಏನು ಮೇಲೆ ಬರುತ್ತದೆ, ಏನು ಕೆಳಗೆ ಉಳಿಯುತ್ತದೆ? ಹಳೆಯ ಪುಸ್ತಕಗಳ ಪೆಟ್ಟಿಗೆ ತೆಗೆದೆ. ನಮ್ಮ ಮುದ್ರಣಾಲಯದಲ್ಲಿ ಅಚ್ಚಾದ ಆಹಾರಶಾಸ್ತ್ರದ ಒಂದು ಪಠ್ಯ, ಫುಟ್‌ಪಾತಿನಲ್ಲಿ ಕೊಂಡ ಶರೀರಕ್ರಿಯೆಯ ಒಂದು ದಪ್ಪ ಪುಸ್ತಕ. ಸಾಲದ್ದಕ್ಕೆ ಲೈಬ್ರರಿಯ ಮೂಲೆಯ ಕಪಾಟು. ಹೊರಗೆ ಜಡಿಮಳೆ. ಆ ಮಧ್ಯಾಹ್ನಗಳು ನನಗೆ ಸುಖದವೂ ಆಗಿದ್ದವು ಎಂದು ಹೇಳದಿದ್ದರೆ ಅಪ್ರಾಮಾಣಿಕನಾಗುತ್ತೇನೆ. ಶರೀರವನ್ನು ಒಂದು ಹಳೆಯ ಮನೆಯಂತೆ ಕಾಣತೊಡಗಿದೆ. ಅನ್ನ ರಾಗಿಗಳ ಪಿಷ್ಟ ಅದರ ಸೌದೆ. ಎಣ್ಣೆ ತುಪ್ಪದ ಕೊಬ್ಬು ಅಟ್ಟದ ಮೇಲೆ ಕೂಡಿಟ್ಟ ಸೌದೆ. ಬೇಳೆಕಾಳಿನ ಪ್ರೋಟೀನು ಗೋಡೆಯ ಇಟ್ಟಿಗೆ. ಸುಣ್ಣ, ಕಬ್ಬಿಣ ಮೊದಲಾದ ಲವಣಗಳು, ಎಲ್ಲವನ್ನೂ ಹೊತ್ತು ತಿರುಗುವ ನೀರು. ಆ ಮನೆ ಬಹಳ ಜಾಣ. ತನಗೆ ಬೇಕಾದ ಎಷ್ಟೋ ವಸ್ತುಗಳನ್ನು ಒಳಗೇ ತಯಾರಿಸಿಕೊಳ್ಳುತ್ತದೆ. ಆದರೆ ಕೆಲವನ್ನು ಮಾತ್ರ ಏನು ಮಾಡಿದರೂ ಮಾಡಿಕೊಳ್ಳಲಾರದು, ಹೊರಗಿನಿಂದಲೇ ಬರಬೇಕು. ಅವಕ್ಕೇ ಅತ್ಯಗತ್ಯ ಪೋಷಕಾಂಶಗಳೆಂದು ಹೆಸರು. ಹೆಚ್ಚು ಬೇಕಾಗುತ್ತವೆಂದು ಅತ್ಯಗತ್ಯವೆನ್ನುವುದಲ್ಲ. ಉಗುರಿನ ತುದಿಗೂ ಸಾಲದಷ್ಟು ಸಾಕಾಗುವಂಥವೂ ಇವೆ. ಆದರೆ ಅಷ್ಟು ಬಾರದಿದ್ದರೆ ಮನೆಯ ಒಂದು ದೀಪ ಆರುತ್ತದೆ.

ಬಿ-ಟ್ವೆಲ್ವ್ ಎಂಬ ಜೀವಸತ್ವ ಅಂಥದು. ಗಿಡಮರಗಳು ಅದನ್ನು ಮಾಡುವುದಿಲ್ಲ. ಹಸುವೂ ತಾನಾಗಿ ಮಾಡುವುದಿಲ್ಲ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಮಾಡುತ್ತವೆ, ಅದು ಹಾಲಿಗೆ ಇಳಿಯುತ್ತದೆ. ಮಾಂಸ, ಮೀನು, ಮೊಟ್ಟೆ ತಿನ್ನುವವರಿಗೆ ಬೇರೆ ದಾರಿಗಳಿವೆ. ನಮ್ಮಂಥ ಮನೆಗೆ ಊಟದಲ್ಲಿ ಹಾಲು ಮೊಸರು ಬಿಟ್ಟರೆ ನಂಬಬಹುದಾದ ಬಾಗಿಲಿಲ್ಲ. ಇಡ್ಲಿಯ ಹುಳಿಯನ್ನು ನೆಚ್ಚುವಂತಿಲ್ಲ. ತುಪ್ಪವನ್ನಂತೂ ನೆಚ್ಚುವಂತೆಯೇ ಇಲ್ಲ: ಇದು ನೀರಿನಲ್ಲಿ ಕರಗುವ ವಸ್ತು, ಕಡೆದಾಗ ಬೆಣ್ಣೆಯ ಜತೆ ಮೇಲೆ ಬರದೆ ಮಜ್ಜಿಗೆಯಲ್ಲೇ ಉಳಿಯುತ್ತದೆ. ಯಕೃತ್ತು ಇದನ್ನು ವರ್ಷಗಟ್ಟಲೆ ಕೂಡಿಟ್ಟುಕೊಳ್ಳಬಲ್ಲದು. ಆದ್ದರಿಂದ ಬಿಟ್ಟ ವರ್ಷ ಏನೂ ಆಗುವುದಿಲ್ಲ, ಮುಂದಿನ ವರ್ಷವೂ ಆಗದಿರಬಹುದು. ಕೂಡಿಟ್ಟದ್ದು ತಳ ಕಂಡಾಗ ನಾಲಿಗೆ ಉರಿಯುತ್ತದೆ, ನರಗಳ ಹೊದಿಕೆ ಸವೆಯುತ್ತದೆ, ಪಾದ ಹತ್ತಿಯಾಗುತ್ತದೆ, ಮಾತು ನಡುವೆ ನಿಲ್ಲುತ್ತದೆ. ಒಂದು ವಾಕ್ಯದ ಬಳಿ ಬಂದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ. ಸೊಪ್ಪಿನಲ್ಲಿರುವ ಇನ್ನೊಂದು ಜೀವಸತ್ವ, ಫೋಲೇಟ್, ಧಾರಾಳವಾಗಿದ್ದರೆ ಈ ಕೊರತೆಯಲ್ಲೂ ರಕ್ತ ನೋಡಲು ಸರಿಯಾಗಿಯೇ ಇರಬಹುದು. ನರಗಳು ಮಾತ್ರ ಮರೆಯಲ್ಲಿ ಸೊರಗುತ್ತಿರುತ್ತವೆ. ಅಕ್ಕನ ಧಾರಾಳ ಸೊಪ್ಪು, ಅಕ್ಕನ ಒಳ್ಳೆಯ ರಕ್ತ, ಅಕ್ಕನ ಕಾಣೆಯಾದ ಚಪ್ಪಲಿ.

ಅವಳ ಮಗಳನ್ನು ಕರೆಸಿ ಹೇಳಿದೆ. ಜೆ.ಪಿ. ನಗರದಿಂದ ಆಫೀಸಿನ ಬಟ್ಟೆಯಲ್ಲೇ ಬಂದಳು. ಕೇಳಿದ್ದೇ ಸಿಟ್ಟಿಗೆದ್ದಳು.

“ನಾನು ಆವತ್ತಿಂದ ಹೇಳ್ತಾನೇ ಇದೀನಿ ಮಾಮ. ಎಲ್ಲಾ ಈ ಚಾತುರ್ಮಾಸ್ಯದ ಹಣೆಬರಹ. ಇದು ಬಿಡು, ಅದು ಬಿಡು. ಹೀಗೆ ಬಿಟ್ಟು ಬಿಟ್ಟು ಅಮ್ಮ ಈಗ ಕಾಲೇ ಬಿಟ್ಟಿದ್ದಾಳೆ.”

“ಅದೂ ತಪ್ಪು” ಎಂದೆ.

“ಏನ್ ಮಾಮ ನೀವು! ಅವರಿಗೂ ಇಲ್ಲ ಅಂತೀರ, ನನಗೂ ಇಲ್ಲ ಅಂತೀರ. ಯಾರ ಪಾರ್ಟಿ ನೀವು?”

ನಾನು ಯಾರ ಪಾರ್ಟಿಯೂ ಅಲ್ಲ. ತಿಳಿಯದವರಿಗಾಗಿ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಮಳೆಗಾಲದ ನಾಲ್ಕು ತಿಂಗಳು ಊಟದಲ್ಲಿ ಒಂದೊಂದನ್ನು ಬಿಡುವ ಪದ್ಧತಿಯಿದೆ. ಮೊದಲ ತಿಂಗಳು ಶಾಕವ್ರತ, ಸೊಪ್ಪು ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ಕೊನೆಯದು ದ್ವಿದಳವ್ರತ, ಬೇಳೆಕಾಳಿಲ್ಲ. ಮನೆಯಿಂದ ಮನೆಗೆ ವಿವರದಲ್ಲಿ ಹೆಚ್ಚುಕಡಿಮೆಯಿರಬಹುದು, ಕ್ರಮ ಇದೇ. ಈಗ ಕರಡು ತಿದ್ದುವವನ ಕಣ್ಣಿನಿಂದ ನೋಡಿ. ಮೊಸರು ಹೋದ ತಿಂಗಳು ಹಾಲಿದೆ. ಹಾಲು ಹೋದ ತಿಂಗಳು ಮೊಸರು ಮರಳಿದೆ. ಬೇಳೆ ಹೋದಾಗ ಅದರ ಜಾಗ ತುಂಬಲು ಹಾಲು ಮೊಸರು ಎರಡೂ ಇವೆ. ಎರಡನ್ನೂ ಒಟ್ಟಿಗೆ ಕಸಿದುಕೊಳ್ಳುವ ತಿಂಗಳೇ ಇಲ್ಲ. ಹಿರಿಯರಿಗೆ ಬಿ-ಟ್ವೆಲ್ವ್ ತಿಳಿದಿತ್ತೆಂದು ನಾನು ಹೇಳುತ್ತಿಲ್ಲ; ಹಾಗೆ ಹೇಳುವವರು ಪಾರ್ಕಿನಲ್ಲಿ ಬೇಕಾದಷ್ಟಿದ್ದಾರೆ. ನಾನು ಹೇಳುವುದು ಇಷ್ಟೇ: ವ್ರತವನ್ನು ವ್ರತದಂತೆ ಮಾಡಿದ್ದರೆ ಅಕ್ಕನ ಪಾದ ಹತ್ತಿಯಾಗಬೇಕಾದ ಕಾರಣವಿರಲಿಲ್ಲ. ತಿಂಗಳು ಮುಗಿದ ಮೇಲೂ ಬಿಟ್ಟದ್ದು ಏಕೆ ಮರಳಲಿಲ್ಲ ಎಂಬುದೇ ಪ್ರಶ್ನೆ. ಅದನ್ನು ಎರಡು ಪಾರ್ಟಿಯವರೂ ಕೇಳಿರಲಿಲ್ಲ.

ಬನಶಂಕರಿಯಲ್ಲಿ ನರಗಳ ತಜ್ಞೆಯೊಬ್ಬರಿಗೆ ತೋರಿಸಿದೆವು. ನಾನು ಬಿ-ಟ್ವೆಲ್ವ್ ಪರೀಕ್ಷೆ ಬೇಕೆಂದಾಗ ಅವರು ನಕ್ಕು, “ನೀವು ಹೇಳದಿದ್ದರೂ ಬರೆಯುತ್ತಿದ್ದೆ ಅಂಕಲ್” ಎಂದರು. ಕಂಪಿಸುವ ಒಂದು ಲೋಹದ ಕವೆಯನ್ನು ಅಕ್ಕನ ಹೆಬ್ಬೆರಳಿನ ಮೇಲಿಟ್ಟು “ಗೊತ್ತಾಗ್ತಿದೆಯಾ ಅಮ್ಮ?” ಎಂದು ಕೇಳಿದರು. ಅಕ್ಕ ಕಣ್ಣು ಮುಚ್ಚಿ, ಬಹಳ ದೂರದ ಗಂಟೆಯನ್ನು ಆಲಿಸುವವಳಂತೆ ಕುಳಿತಿದ್ದು, “ಇಟ್ಟಿದ್ದೀರಾ?” ಎಂದಳು. ಮಗಳು ಮುಖ ತಿರುಗಿಸಿಕೊಂಡಳು.

ಪರೀಕ್ಷೆಯ ಫಲಿತ ಬಂದಾಗ ಸಂಶಯಕ್ಕೆ ಎಡೆಯಿರಲಿಲ್ಲ. ಇರಬೇಕಾದ ಮಟ್ಟಕ್ಕಿಂತ ಬಹಳ ಕೆಳಗಿತ್ತು. ವೈದ್ಯೆ ಸ್ಪಷ್ಟವಾಗಿ ಹೇಳಿದರು: “ಈ ವಯಸ್ಸಿನಲ್ಲಿ ಹೊಟ್ಟೆ ಊಟದಿಂದ ಇದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಮೊದಲು ಇಂಜೆಕ್ಷನ್. ಜತೆಗೆ ಹಾಲು ಮೊಸರು ಶುರು ಮಾಡಿ. ತಡ ಮಾಡಬೇಡಿ. ನರ ಎಷ್ಟು ದಿನ ಹಸಿದಿರುತ್ತೋ ಅಷ್ಟು ಕಮ್ಮಿ ವಾಪಸ್ ಬರುತ್ತೆ. ಇನ್ನೂ ತಡವಾದರೆ ನಡಿಗೆಯೂ ಹೋಗಬಹುದು, ನೆನಪೂ ಹೋಗಬಹುದು.”

 ಮನೆಗೆ ಬಂದ ಅಕ್ಕ ಕಾಲು ತೊಳೆದು, ತುಳಸಿಕಟ್ಟೆಯ ಬಳಿ ಕುಳಿತ ಮೇಲೆ ಕೇಳಿದಳು: “ಆ ಸೂಜಿಮದ್ದು ಯಾವ ಪ್ರಾಣಿದು?”

“ಪ್ರಾಣಿದಲ್ಲ ಅಕ್ಕ. ಸೂಕ್ಷ್ಮಜೀವಿಗಳನ್ನ ತೊಟ್ಟಿಯಲ್ಲಿ ಬೆಳೆಸಿ ಅದರಿಂದ ತೆಗೀತಾರೆ. ನೀನು ಹೆಪ್ಪು ಹಾಕ್ತಿದ್ಯಲ್ಲ, ಹಾಗೆ.”

“ಹಾಗಿದ್ರೆ ಮದ್ದು ಶುದ್ಧ. ಆದ್ರೆ ಬೇಡ.”

“ಯಾಕೆ?” ಎಂದಳು ಮಗಳು, ದನಿಯೇರಿಸಿ.

“ಹಾಲಲ್ಲಿ ಇರೋದು ಇದೇ ತಾನೆ? ಹಾಲನ್ನ ನಾನು ಬಿಟ್ಟಿದೀನಿ. ಬಾಯಲ್ಲಿ ಬಿಟ್ಟದ್ದನ್ನ ತೋಳಲ್ಲಿ ತಗೊಂಡ್ರೆ ಅದು ಕಳ್ಳದಾರಿ.”

ಅವಳ ಜಾಗದಲ್ಲಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. ಮಗಳು ಅತ್ತಳು, ಗದರಿದಳು, ಇನ್ನು ಬರುವುದಿಲ್ಲವೆಂದು ಹೇಳಿ ಹೋದಳು, ಮರುದಿನವೇ ಮತ್ತೆ ಬಂದಳು. ನವರಾತ್ರಿ ಶುರುವಾಯಿತು. ಎದುರುಮನೆಯಲ್ಲಿ ಬೊಂಬೆ ಕೂರಿಸಿದರು. ಅಕ್ಕ ನೋಡಲು ಹೋಗಿ ಹೊಸಿಲು ಎಡವಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಬೆಳಗಿನ ಸ್ತೋತ್ರದ ಮೌನಗಳು ಉದ್ದವಾಗುತ್ತಿದ್ದವು. ಒಂದು ಬೆಳಿಗ್ಗೆ ಅದು ಮುಗಿಯಲೇ ಇಲ್ಲ. ಬಹಳ ಹೊತ್ತು ಕಾದು ನಾನು ಕೆಳಗಿಳಿದೆ. ದೇವರ ಮುಂದೆ ಕುಳಿತು ತನ್ನ ಎರಡು ಪಾದಗಳನ್ನೂ ಕೈಯಲ್ಲಿ ಹಿಡಿದುಕೊಂಡಿದ್ದಳು.

“ಇವು ಇವೆಯಾ ಇಲ್ಲವಾ ಅಂತ ನೋಡ್ತಿದ್ದೆ” ಎಂದಳು. ಮೊದಲ ಸಲ ಅವಳ ದನಿಯಲ್ಲಿ ಭಯವಿತ್ತು.

ಆಗ ಕೇಳಿದೆ. “ಅಕ್ಕ, ಹಾಲಿನ ತಿಂಗಳು ಪ್ರತಿ ವರ್ಷ ಮುಗಿಯುತ್ತೆ. ನಿಂದು ಯಾಕೆ ಮುಗೀಲಿಲ್ಲ?”

ಅವಳು ಪಾದಗಳನ್ನು ಬಿಟ್ಟು ಸೆರಗು ಸರಿಮಾಡಿಕೊಂಡಳು. “ನಿಮ್ಮ ಭಾವ ಹೋದದ್ದು ಯಾವಾಗ?”

ಹೊರಗೆ ನವರಾತ್ರಿಯ ಗಂಟೆ ಕೇಳುತ್ತಿತ್ತು. ಹೌದು, ಭಾವ ಹೋದದ್ದು ಹಾಲಿನ ತಿಂಗಳಲ್ಲಿ, ವಿಜಯದಶಮಿಗೆ ಮುಂಚೆ. ತಿಂಗಳು ತುಂಬಿದ ದಿನ ಹಾಲನ್ನು ದಾನ ಕೊಟ್ಟು ವ್ರತವನ್ನು ದೇವರಿಗೆ ಒಪ್ಪಿಸಬೇಕು; ಅದಕ್ಕೆ ಸಮರ್ಪಣೆ ಎನ್ನುತ್ತಾರೆ. ಪ್ರತಿ ವರ್ಷ ಭಾವ ಬೆಳ್ಳಿಯ ಗಿಂಡಿಯಲ್ಲಿ ಹಾಲು ಹಿಡಿದು ಕೊಡುವರು, ಅಕ್ಕ ನೀರು ಬಿಡುವಳು. ಆ ವರ್ಷ ಮನೆಯಲ್ಲಿ ಸೂತಕ. ಸಮರ್ಪಣೆಯಾಗಲಿಲ್ಲ.

“ಒಪ್ಪಿಸದ ಮೇಲೆ ಅದು ಮುಗೀತು ಅಂತ ಹೇಗೆ ಅನ್ನಲಿ? ಮುಂದಿನ ವರ್ಷ ಯಾರ ಕೈಲಿ ಕೊಡಿಸಲಿ? ನೀರು ಬಿಡೋಳು ನಾನು. ಕೊಡೋರು ಎಲ್ಲಿ?” ಎಂದಳು. “ಒಂದೊಂದು ಸಲ ಅನ್ನಿಸುತ್ತೆ, ಆ ತಿಂಗಳೇ ಇನ್ನೂ ನಡೀತಿದೆ ಅಂತ. ಅವರು ಒಳಗಡೆ ಮಲಗಿದಾರೆ. ಇನ್ನೇನು ಏಳ್ತಾರೆ, ಹಾಲು ಎಲ್ಲೇ ಅಂತಾರೆ.”

 ಮಂಡಳಿ ವೈರಾಗ್ಯವೆಂದದ್ದು, ಮಗಳು ಅಜ್ಞಾನವೆಂದದ್ದು, ನಾನು ಕೊರತೆಯೆಂದದ್ದು, ಎಲ್ಲದರ ಕೆಳಗೆ ಇದ್ದದ್ದು ಇದು. ಅವಳು ಹಾಲನ್ನು ಬಿಟ್ಟಿರಲೇ ಇಲ್ಲ. ಅವರು ಬಂದು ಕೊಡಲಿ ಎಂದು ಕಾದಿದ್ದಳು.

ಗೋಡೆಯ ಮೇಲೆ ಪಂಚಾಂಗದ ಕ್ಯಾಲೆಂಡರು ತೂಗುತ್ತಿತ್ತು. ಮೊಳೆಯಿಂದ ಇಳಿಸಿ ಅವಳ ಮುಂದಿಟ್ಟೆ. ಕೆಲಸದಲ್ಲಿದ್ದ ಕಾಲದಲ್ಲಿ ವರ್ಷ ವರ್ಷವೂ ನನ್ನ ಕಣ್ಣು ಹಾದುಹೋಗುತ್ತಿದ್ದ ಸಾಲು ಅದು, ಎಲ್ಲಿರುತ್ತದೆಂದು ಹುಡುಕಬೇಕಾಗಲಿಲ್ಲ. ವಿಜಯದಶಮಿ ಕಳೆದ ದ್ವಾದಶಿಯ ಚೌಕದಲ್ಲಿ, ಸಣ್ಣ ಅಕ್ಷರದಲ್ಲಿ: ಕ್ಷೀರವ್ರತ ಸಮರ್ಪಣೆ, ದ್ವಿದಳವ್ರತ ಸಂಕಲ್ಪ.

“ಓದು.”

“ಇದನ್ನ ಓದೋಕೆ ನಂಗೆ ನೀನು ಬೇಕಾ?”

“ಒಪ್ಪಿಸೋದು ಮೊದಲು, ಹೊಸದನ್ನ ಹಿಡಿಯೋದು ಆಮೇಲೆ. ಪ್ರತಿ ವರ್ಷ ಅಚ್ಚಾಗುತ್ತೆ. ಯಾರ ಮನೇಲಿ ಯಾರು ಹೋದ್ರೂ ಆ ಸಾಲು ಅಲ್ಲಿರುತ್ತೆ. ಈ ವರ್ಷನೂ ಇದೆ. ಕೊಡೋರು ಇಲ್ಲ ಅಂತೀಯ. ನೀನೇ ಕೊಡು. ನಿನ್ನ ಮಗಳು ನೀರು ಬಿಡ್ತಾಳೆ. ನಾನು ತಗೋತೀನಿ.”

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಈರುಳ್ಳಿ ತಿನ್ನೋನಿಗಾ?”

“ಒಂದೇ ಗೋತ್ರದವರಿಗೆ ದಾನ ಕೊಡಬಾರದು, ಅಷ್ಟೇ ತಾನೆ? ನನ್ನ ಗೋತ್ರ ಬೇರೆ, ಭಾವನ ಗೋತ್ರ ಬೇರೆ. ಅಡ್ಡಿಯೇನಿಲ್ಲ.”

“ಸಂಧ್ಯಾವಂದನೆ ಬಿಟ್ಟು ಎಷ್ಟು ವರ್ಷ ಆಯ್ತೋ ನೀನು?”

“ಎರಡು ದಿನ ಮಾಡ್ತೀನಿ. ಈರುಳ್ಳಿನೂ ಬಿಡ್ತೀನಿ.”

“ನಿಂಗೆ ಕೊಟ್ರೆ ಫಲ ಬರುತ್ತಾ?”

“ಫಲ ಬೇಡ ಅಕ್ಕ. ಬಿ-ಟ್ವೆಲ್ವ್ ಬಂದ್ರೆ ಸಾಕು.”

ಅವಳು ನಕ್ಕಳು. ಉರಿನಾಲಿಗೆ ಹಲ್ಲಿಗೆ ತಾಗಿ ಮುಖ ಕಿವುಚಿತು. ಆದರೂ ನಕ್ಕಳು.

ದ್ವಾದಶಿಯ ಬೆಳಿಗ್ಗೆ ಮಂಜು ರಸ್ತೆಗೆ ಇಳಿದಿತ್ತು. ಮಗಳು ಹಾಲು ತಂದಳು. ಇಷ್ಟು ವರ್ಷಗಳ ನಂತರ ಆ ಅಡುಗೆಮನೆಯಲ್ಲಿ ಹಾಲು ಕಾಯುವ ವಾಸನೆ ಹರಡಿದಾಗ ನನಗೆ ಭಾವ ಒಳಗೆ ಕೆಮ್ಮಿದಂತಾಯಿತು. ಅಕ್ಕನೂ ಬಾಗಿಲ ಕಡೆ ತಿರುಗಿದ್ದನ್ನು ನೋಡಿದೆ. ಬೆಳ್ಳಿಯ ಗಿಂಡಿ ಕಪ್ಪಾಗಿತ್ತು, ಮಗಳು ಉಜ್ಜಿ ಬೆಳಗಿದ್ದಳು. ನಾನು ಪಂಚೆಯುಟ್ಟು ಮಣೆಯ ಮೇಲೆ ಕುಳಿತೆ. ಮಂತ್ರ ಬಂದಷ್ಟು ಹೇಳಿದೆ. ಅಕ್ಕ ನಡುವೆ ತಡೆದು ತಡೆದು ತಿದ್ದಿದಳು. ವ್ರತವೆಲ್ಲ ಮೂರ್ಖತನವೆಂದಿದ್ದ ಮಗಳು ಉದ್ಧರಣೆಯಿಂದ ನೀರು ಬಿಡುವಾಗ ಅವಳ ಕೈ ಬಹಳ ನಿಧಾನವಾಗಿತ್ತು. ಗಿಂಡಿ ಅಕ್ಕನ ಕೈಯಿಂದ ನನ್ನ ಕೈಗೆ ಬಂತು. ಬಿಸಿಯಿತ್ತು, ತೂಕವಿತ್ತು. ಅವಳು ಬಿಡಲು ಒಂದು ಕ್ಷಣ ತಡಮಾಡಿದಳು, ಆಮೇಲೆ ಬಿಟ್ಟಳು.

ಆ ಬೆಳಿಗ್ಗೆ ಪಾರಣೆಗೆ ಅವಳು ಒಂದು ಲೋಟ ಹಾಲು ಕುಡಿದಳು. ಕುಡಿದು, “ನಿಮ್ಮ ಭಾವನಿಗೆ ಸಕ್ಕರೆ ಜಾಸ್ತಿ ಬೇಕಿತ್ತು” ಎಂದಷ್ಟೇ ಹೇಳಿದಳು. ಅನಂತರ ತಾನೇ ಸೀರೆ ಬದಲಿಸಿ ಬಂದು, “ನಡಿ, ಆ ಸೂಜಿ ಯಾವುದು ನೋಡೋಣ” ಎಂದಳು.

ಮುಂದಿನದು ಬೇಗ ಹೇಳಿ ಮುಗಿಸಬಹುದು. ನಾಲಿಗೆಯ ಉರಿ ಮೊದಲು ಹೋಯಿತು. ಚಳಿಗಾಲ ಕಳೆಯುವ ಹೊತ್ತಿಗೆ ಸ್ತೋತ್ರದ ತೂತುಗಳು ಒಂದೊಂದಾಗಿ ಮುಚ್ಚಿಕೊಂಡವು. ಈಗ ನಾನು ಮೊದಲಿನಂತೆ ಅದರ ನಡುವೆಯೇ ಮತ್ತೆ ನಿದ್ದೆಹೋಗುತ್ತೇನೆ. ಪಾದ ತಡವಾಯಿತು. ಹೊಂಗೆಯ ಹೂ ಉದುರಿ ರಸ್ತೆ ಬೆಳ್ಳಗಾಗಿದ್ದ ದಿನಗಳಲ್ಲಿ, ಒಂದು ಬೆಳಿಗ್ಗೆ ತುಳಸಿಗೆ ನೀರು ಹಾಕುತ್ತಿದ್ದವಳು ಇದ್ದಕ್ಕಿದ್ದಂತೆ ನಿಂತು ಮೇಲೆ ನೋಡಿ ಕೂಗಿದಳು: “ಲೋ, ಕಲ್ಲು ತಣ್ಣಗಿದೆ ಕಣೋ!” ಬಲಗಾಲಿನ ಬೆರಳುಗಳು ಮಾತ್ರ ಇಂದಿಗೂ ಹತ್ತಿಯಲ್ಲೇ ಇವೆ. ವೈದ್ಯೆ ಅಷ್ಟು ಮರಳದೆಯೂ ಇರಬಹುದೆಂದಿದ್ದಾರೆ. ಚಪ್ಪಲಿಗೆ ಹಿಂದೆ ಪಟ್ಟಿ ಹಾಕಿಸಿದ್ದೇವೆ.

ಮಂಡಳಿ ತನ್ನ ವೃತ್ತಾಂತವನ್ನು ಬಿಟ್ಟಿಲ್ಲ. ವ್ರತ ಪೂರ್ತಿಯಾದ್ದರಿಂದ ದೇವರು ಕಾಲನ್ನು ಮರಳಿ ಕೊಟ್ಟನೆಂದು ಒಂದು ಸಾಲು ಸೇರಿಸಿಕೊಂಡಿದೆ. ಮಗಳು ಇಂಜೆಕ್ಷನ್ ಎನ್ನುತ್ತಾಳೆ. ಔಷಧದ ಮಟ್ಟಿಗೆ ನಾನು ಮಗಳ ಕಡೆ. ಆದರೆ ಆ ಔಷಧಕ್ಕೆ ತೋಳು ಚಾಚುವಂತೆ ಮಾಡಿದ್ದು ಯಾವುದೆಂದು ಕೇಳಿದರೆ, ಎಲ್ಲ ಮನೆಗಳ ಗೋಡೆಯಲ್ಲೂ ಇರುವ ಒಂದು ಕಾಗದವನ್ನು ತೋರಿಸುತ್ತೇನೆ. ನಂಬದವರು ತಮ್ಮ ಪಂಚಾಂಗ ತೆಗೆದು ವಿಜಯದಶಮಿಯ ಆಚೀಚೆ ಸಣ್ಣ ಅಕ್ಷರಗಳನ್ನು ಓದಲಿ. ಬಿಡುವ ದಿನ ಅಚ್ಚಾಗಿರುವಂತೆಯೇ ಮರಳಿ ತೆಗೆದುಕೊಳ್ಳುವ ದಿನವೂ ಅಲ್ಲಿದೆ.

ಅಷ್ಟಕ್ಕೂ ಸಮಾಧಾನವಾಗದಿದ್ದರೆ ಅಕ್ಕನನ್ನೇ ಕೇಳಬಹುದು. ಮಧ್ಯಾಹ್ನದ ಊಟದ ಹೊತ್ತಿಗೆ ಬಂದರೆ ಜಗಲಿಯ ಪಕ್ಕದ ಕೋಣೆಯಲ್ಲಿ, ಹಸಿರು ಬೆಳಕಿನಲ್ಲಿ, ಬರಿಗಾಲನ್ನು ಕೆಂಪು ನೆಲಕ್ಕೆ ಊರಿ ಮೊಸರನ್ನ ಕಲಸುತ್ತಿರುತ್ತಾಳೆ.